ಚಕ್ರದ ಮುಂದಿನ ನಿಂಬೆಹಣ್ಣು

ಷಡಕ್ಷರಿ ಹಟಕ್ಕೆ ಬಿದ್ದು ತನ್ನ ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಬಿಚ್ಚಿ, ರೇಸಿಗೆಂದು ಮನೆಯಲ್ಲೇ ಒಂದು ಬ್ರೇಕ್ ಮಾಡಿ ಕೂರಿಸಿದ್ದ. ಸ್ಟೇರಿಂಗಿನ ಬಟನ್ ಒತ್ತಿ ಹಿಡಿದರೆ, ಎಷ್ಟೇ ಆಕ್ಸಿಲರೇಟರ್ ತುಳಿದರೂ ಕಾರು ಅಲುಗಬಾರದು. ಬಿಟ್ಟ ಕೂಡಲೇ ಬಾಣದ ಹಾಗೆ ಹಾರಬೇಕು.

ರೇಸಿನ ಗೆರೆಯಲ್ಲಿ ಹೆಂಡತಿ ಬಗ್ಗಿ ಚಕ್ರದ ಮುಂದೆ ನಿಂಬೆಹಣ್ಣಿಟ್ಟಳು.

“ಇದೆಲ್ಲ ಯಾಕೇ? ಇಂಜಿನಿಯರಿಂಗ್ ಕಣೇ ಇದು!”

“ಇರ್ಲಿ ಬಿಡ್ರೀ, ದೃಷ್ಟಿ ಆಗೋದು ಬೇಡ.”

ಅವನು ಬಟನ್ ಒತ್ತಿ ಆಕ್ಸಿಲರೇಟರ್ ತುಳಿದ. ಇಂಜಿನ್ ಅಬ್ಬರಿಸಿತು, ಕಾರು ಜಪ್ಪಯ್ಯ ಅನ್ನಲಿಲ್ಲ.

“ನೋಡ್ದಾ? ನಿನ್ನ ನಿಂಬೆಹಣ್ಣು ಒಡೀತಾ? ಬ್ರೇಕ್ ಅಂದ್ರೆ ಇದು!”

ಹಸಿರು ದೀಪ ಹತ್ತಿತು. ಬಟನ್ ಬಿಟ್ಟ. ಪಕ್ಕದ ಕಾರು ಧೂಳೆಬ್ಬಿಸಿಕೊಂಡು ಹೋಗಿಯೇಬಿಟ್ಟಿತು.

ಹೆಂಡತಿ ಕಿಟಕಿಯ ಹತ್ತಿರ ಬಂದು ಬಗ್ಗಿದಳು.

“ರೀ, ಹಣ್ಣು ಇನ್ನೂ ಹಾಗೇ ಇದೆ. ಷರಬತ್ತು ಮಾಡ್ಲಾ?”