ಎದೆಯ ಅಳತೆ

ಮಗಳ ಆರತಕ್ಷತೆಗೆ ಇನ್ನೂ ಎರಡು ತಿಂಗಳಿತ್ತು. ಅಂಗಡಿಗೆ ಹೋಗುವಷ್ಟು ಶಕ್ತಿ ಅವನಿಗೆ ಇರಲಿಲ್ಲವಾದ್ದರಿಂದ ಕೋಟನ್ನು ಆನ್‌ಲೈನಿನಲ್ಲೇ ಹೊಲಿಸುವುದೆಂದಾಯಿತು. ಹೆಂಡತಿ ಅವನನ್ನು ಹಾಸಿಗೆಯ ಮೇಲೆ ಕೂರಿಸಿ, ಎದೆಗೆ ಟೇಪು ಸುತ್ತಿದಳು.

“ಎಷ್ಟು ಬಂತೇ?”

“ಮೂವತ್ತೆಂಟು.”

“ನಲವತ್ತು ಹಾಕು. ಕೀಮೋ ಮುಗಿದ ಮೇಲೆ ಮೈ ತುಂಬ್ಕೊಳ್ಳುತ್ತೆ. ಬೀಗರ ಮುಂದೆ ಗುಂಡಿ ಕಿತ್ಕೊಂಡು ಹಾರಿದ್ರೆ ನಿನ್ನ ಮಾನವೇ ಹೋಗೋದು!”

“ಅಳತೆ ಕೊಟ್ಟು ಹೊಲಿಸಿದ್ದನ್ನ ವಾಪಸ್ ತಗೊಳ್ಳಲ್ವಂತೆ ರೀ.”

“ಅದಕ್ಕೇ ಹೇಳಿದ್ದು. ಬಟ್ಟೆನೂ ಒಳ್ಳೇದೇ ಆರಿಸು, ಮೊಮ್ಮಗನ ನಾಮಕರಣಕ್ಕೂ ಆಗ್ಲಿ. ಡಾಕ್ಟ್ರು ನಿನ್ನೊಬ್ಬಳನ್ನೇ ಒಳಗೆ ಕರೆದು ಹೇಳಿದ್ದೂ ಇದೇ ತಾನೇ, ದಪ್ಪ ಆಗ್ತೀನಿ ಅಂತ?”

“ಹೂಂ, ಅದೇ.”

ಅವನು ನಗುತ್ತಾ ಗೋಡೆಯ ಕಡೆ ಹೊರಳಿ ಮಲಗಿದ. ಅವಳು ಟೇಪು ಸುತ್ತಿಟ್ಟು, ಫೋನು ತೆಗೆದು, ಎದೆಯ ಅಳತೆ ಕೇಳಿದ ಕಡೆ ಮೂವತ್ತಾರು ಎಂದು ಒತ್ತಿದಳು.