ಗುಹೆ ದಾಟುವವರೆಗೆ

ಸುಣ್ಣಕಲ್ಲಿನ ದ್ವೀಪಗಳ ನಡುವೆ ಪ್ರವಾಸಿಗರ ದೋಣಿ ನಿಧಾನವಾಗಿ ಸಾಗಿತ್ತು. ನಿಂಗೇಗೌಡನ ಕಣ್ಣು ಮಾತ್ರ ಗೈಡನ ಮೇಲಿತ್ತು.

“ಇಷ್ಟು ಜನದಲ್ಲಿ ನಿನ್ನೊಬ್ಬಳ್ನೇ ಯಾಕೆ ಕೈ ಹಿಡ್ದು ಹತ್ತಿಸ್ದ ಅವ್ನು?”

“ನೀವು ನನ್ನ ಬುಟ್ಟು ಮೊದ್ಲೇ ಹತ್ತಿ ಜಾಗ ಹಿಡ್ಕಂಡ್ರಲ್ಲ, ಅದುಕ್ಕೆ,” ಎಂದಳು ಹೆಂಡತಿ ಗಿರಿಜ.

ದೋಣಿ ಗುಹೆಯೊಳಗೆ ನುಗ್ಗಿತು.

“ಗುಹೆ ದಾಟೋವರ್ಗೂ ಕತ್ತಲೆ, ಯಾರೂ ಹೆದರಬೇಡಿ,” ಎನ್ನುತ್ತ ಗೈಡು ಗಿರಿಜಳ ಆಚೆ ಪಕ್ಕದಲ್ಲಿ ಕುಳಿತ.

ಏನೂ ಕಾಣದಾಯಿತು. ಗೌಡ ತಡಕಾಡಿ, ಹೆಂಡತಿಯ ಮಡಿಲಲ್ಲಿದ್ದ ಕೈಯನ್ನು ಹಿಡಿದುಕೊಂಡ. ದುಡಿದು ಒರಟಾದ ಕೈ. ಅದು ಅವನ ಬೆರಳುಗಳನ್ನು ಮೆಲ್ಲಗೆ ಅದುಮಿತು. ಮದುವೆಯಾದ ಹೊಸದರಲ್ಲಿ ಅವಳು ಹೀಗೇ ಅದುಮುತ್ತಿದ್ದಳು. ಸುಮ್ಮನೆ ಅನುಮಾನಪಟ್ಟೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ದೋಣಿ ಹೊರಬಂದು ಬಿಸಿಲು ಬಿತ್ತು.

ಅವನ ಅಂಗೈಯಲ್ಲಿದ್ದದ್ದು ಗೈಡನ ಕೈ.