ಎರಡು ಯು ಬಂದ ದಿನ

ನಲ್ಲಿಯ ಮೇಲೆ ಮೂಡುವ ಅಕ್ಷರಜೋಡಿ ನೋಡಿ, ಅದಿರುವ ಇಂಗ್ಲಿಷ್ ಶಬ್ದ ಹೇಳಿ ನೀರು ಹಿಡಿಯುವುದು ನಮ್ಮ ಓಣಿಗೆ ಎಂದೋ ರೂಢಿಯಾಗಿದೆ. ಒಂದು ಶಬ್ದಕ್ಕೆ ಒಂದು ಕೊಡ. ಒಬ್ಬರು ಹೇಳಿದ್ದನ್ನೇ ಅಂದು ಇನ್ನೊಬ್ಬರು ಹೇಳಿದರೆ ನಲ್ಲಿ ಕೆಮ್ಮಿ ಸುಮ್ಮನಾಗುತ್ತದೆ. ಆ ದಿನ ಮೂಡಿದ್ದು ಅಕ್ಕಪಕ್ಕ ಎರಡು ಯು.

ಹೊಸದಾಗಿ ಬಾಡಿಗೆಗೆ ಬಂದ ಶಮೀಮ್ ಬಾಯಿ ತೆರೆದಳು. "ವ್ಯಾ..."

ಹಿಂದಿದ್ದ ನೀಲವ್ವ ಅವಳ ರಟ್ಟೆ ಹಿಡಿದಳು. "ತಡಿಯವಾ! 'ವ್ಯಾಕ್ಯೂಮ್' ಶಾಂತಕ್ಕಂದು. ಎರಡು ಯು ಬಂದ್ರ ಆಕಿಗೆ ಅದೊಂದ ಗೊತ್ತು. ಓಣ್ಯಾಗ ಯಾರೂ ಅದನ್ನ ಮುಟ್ಟಂಗಿಲ್ಲ."

"ನನಗೂ ಅದೊಂದ ಗೊತ್ತಿರೋದ್ರಿ. ಮನ್ಯಾಗ ಕೂಸಿಗೆ ಜ್ವರ, ಹನಿ ನೀರಿಲ್ಲ," ಎಂದು ಶಮೀಮ್ ಕಣ್ಣು ತುಂಬಿಕೊಂಡಳು.

ಸಾಲಿನ ಕೊನೆಯಲ್ಲಿದ್ದ ಶಾಂತಕ್ಕ ಕೊಡ ಎತ್ತಿಕೊಂಡು ಮುಂದೆ ಬಂದಳು. "ಹೇಳವಾ ತಂಗಿ, ಗಟ್ಟಿಯಾಗಿ ಹೇಳು."

ಶಮೀಮಳ ಕೊಡ ತುಂಬಿತು. ಎಲ್ಲರೂ ಶಾಂತಕ್ಕನ ಮುಖ ನೋಡಿದರು. ಆಕೆ ನಿರಾಳವಾಗಿ ತನ್ನ ಕೊಡ ಇಟ್ಟು, ನಲ್ಲಿಗೆ ಬಾಗಿ "ಕಂಟಿನ್ಯುಅಮ್" ಎಂದಳು. ನೀರು ಭರ್ರೆಂದು ಬಂತು.

"ಯವ್ವಾ, ಇದನ್ಯಾವಾಗ ಕಲ್ತಿ?" ಎಂದಳು ನೀಲವ್ವ.

"ಭಾಳ ವರ್ಷಾತು. ನೀವೆಲ್ಲಾ ನನಗಂತ ಒಂದನ್ನ ಅಷ್ಟು ಪ್ರೀತೀಲೆ ಕಾಯ್ದಿಡ್ತಿದ್ರಿ. ಹೆಂಗ ಬ್ಯಾಡ ಅನ್ನಲಿ?"